ಪ್ಲಂಬಿಂಗ್ ಮೇಷ್ಟ್ರಿಗೆ ಪ್ರಬಂಧ ಪರೀಕ್ಷೆ: ಇಂಗ್ಲೆಂಡಿನ ಕಾಲೇಜುಗಳ ಹಳೇ ಜಗಳ

  ಇವತ್ತಿನ ಕಥೆ ಇಂಗ್ಲೆಂಡಿನದ್ದು. ಆದ್ರೆ ಶುರು ಮಾಡೋದು ದಾವಣಗೆರೆಯಿಂದ. ಯಾಕಂದ್ರೆ ಇದೇ ಥರದ ಕಥೆಯಲ್ಲಿ ನಂದೂ ಒಂದು ಸಣ್ಣ ತಪ್ಪಿದೆ.

ಬಿ.ಕಾಂ ಮುಗಿಸಿದ ಮೇಲೆ ಎಂಟು ತಿಂಗಳು ನಾನೊಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟ್ಯಾಲಿ ಹೇಳಿಕೊಡ್ತಿದ್ದೆ. ಪಕ್ಕದ ರೂಮಿನಲ್ಲಿ ಹಾರ್ಡ್‌ವೇರ್ ಕ್ಲಾಸು. ಅಲ್ಲಿನ ಮೇಷ್ಟ್ರು ನನಗಿಂತ ಹದಿನೈದು ವರ್ಷ ದೊಡ್ಡವರು. ಸತ್ತುಹೋದ ಮದರ್‌ಬೋರ್ಡನ್ನ ಕೈಲಿ ಹಿಡಿದು, ಒಂದ್ಸಲ ಮೂಸಿ, ಎಲ್ಲಿ ಸುಟ್ಟಿದೆ ಅಂತ ಬೆರಳಿಟ್ಟು ತೋರಿಸೋರು. ಹುಡುಗರಿಗೆ ಅವರಂದ್ರೆ ಪ್ರಾಣ. ಒಂದಿನ ಮೇಲಿಂದ ಆದೇಶ ಬಂತು: ತಪಾಸಣೆಗೆ ಬರ್ತಾರೆ, ಎಲ್ಲ ಬೋಧಕರೂ ಫೈಲ್ ಇಟ್ಟಿರಬೇಕು. ಪಾಠದ ಯೋಜನೆ, ವಿದ್ಯಾರ್ಥಿಗಳ ಮೌಲ್ಯಮಾಪನ, ಜೊತೆಗೆ ಪ್ರತಿ ಪಾಠಕ್ಕೂ ಒಂದು ಪುಟ ಆತ್ಮಾವಲೋಕನ. ಎಲ್ಲವೂ ಇಂಗ್ಲಿಷಿನಲ್ಲಿ. ಆ ಸಂಜೆ ಮೇಷ್ಟ್ರು ನನ್ನನ್ನ ಟೀಗೆ ಕರೆದರು. “ನಿಂಗೆ ಬರವಣಿಗೆ ಚೆನ್ನಾಗಿ ಬರುತ್ತಲ್ಲಪ್ಪಾ” ಅಂದ್ರು. ಅಷ್ಟೇ. ಎರಡು ರಾತ್ರಿ ಕೂತು ನಲವತ್ತು ಪುಟ ಬರೆದುಕೊಟ್ಟೆ. ಅವರ ಒಂದು ಕ್ಲಾಸನ್ನೂ ನಾನು ನೋಡಿರಲಿಲ್ಲ. ತಪಾಸಣೆಗೆ ಬಂದವರೂ ನೋಡಲಿಲ್ಲ. ಫೈಲ್ ತಿರುವಿ ಹಾಕಿ, ಚೆನ್ನಾಗಿದೆ ಅಂತ ಬರೆದು, ಸಹಿ ಮಾಡಿ ಹೋದರು.

ಎಷ್ಟೋ ವರ್ಷ ಇದನ್ನ ನಾನು ಜೋಕ್ ಥರ ಹೇಳ್ಕೊಂಡು ಓಡಾಡಿದ್ದೀನಿ. ಹೋದ ವರ್ಷ ಇಂಗ್ಲೆಂಡಿನ ಕಸುಬು ಕಾಲೇಜುಗಳ ಇತಿಹಾಸ ಓದೋಕೆ ಕೂತೆ. ಓದ್ತಾ ಓದ್ತಾ ನಗು ನಿಂತುಹೋಯ್ತು. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಮೊದಲು ಒಂದು ಪದ ಗೊತ್ತಿರಲಿ: ಫರ್ದರ್ ಎಜುಕೇಷನ್. ಇಂಗ್ಲೆಂಡಿನಲ್ಲಿ ಹದಿನಾರು ವರ್ಷಕ್ಕೆ ಶಾಲೆ ಮುಗಿದ ಮೇಲೆ ಯೂನಿವರ್ಸಿಟಿ ಬಿಟ್ಟು ಬೇರೆ ದಾರಿ ಹಿಡಿಯೋರಿಗೆ ಇರುವ ಶಿಕ್ಷಣ ಇದು. ನಮ್ಮ ಐಟಿಐ, ಡಿಪ್ಲೊಮಾ, ಸಂಜೆ ಕಾಲೇಜು, ವಯಸ್ಕರ ಶಿಕ್ಷಣ, ನಾಲ್ಕನ್ನೂ ಒಂದೇ ಕಟ್ಟಡಕ್ಕೆ ತುಂಬಿದ ಹಾಗೆ. ಪ್ಲಂಬಿಂಗ್, ಹೇರ್‌ಡ್ರೆಸಿಂಗ್, ಅಡುಗೆ, ಕಾರ್ ರಿಪೇರಿ, ಅಕೌಂಟ್ಸ್, ಮಕ್ಕಳ ಆರೈಕೆ, ಎಲ್ಲ ಅಲ್ಲೇ. ಇಲ್ಲಿ ಕಸುಬು ಕಲಿಸೋರು ಸಾಮಾನ್ಯವಾಗಿ ಮೊದಲು ಕಸುಬುದಾರರು, ಆಮೇಲೆ ಮೇಷ್ಟ್ರು. ಇಪ್ಪತ್ತು ವರ್ಷ ಪೈಪ್ ಜೋಡಿಸಿದವರು ಮೂವತ್ತೆಂಟರಲ್ಲಿ ಕ್ಲಾಸ್‌ರೂಮಿಗೆ ಬರ್ತಾರೆ.

ಈಗ ಪ್ರಶ್ನೆ. ಕೆಲಸ ಗೊತ್ತಿರೋರಿಗೆ ಕಲಿಸೋಕೂ ಬರುತ್ತೆ ಅಂತ ಹೇಗೆ ತಿಳಿಯೋದು? ಅದನ್ನ ಅಳೆಯೋಕೆ ಅವರ ಕೈಲಿ ಏನು ಮಾಡಿಸಬೇಕು?

ಹತ್ತೊಂಬತ್ತನೇ ಶತಮಾನದ ಉತ್ತರ ಬಹಳ ಸರಳ: ಕಮಿಷನ್. ನಾನು ಕಾಮರ್ಸ್‌ನವನು, ನನಗಿದು ತಕ್ಷಣ ಅರ್ಥ ಆಯ್ತು. 1859ರಿಂದ ಸರ್ಕಾರದ ವಿಜ್ಞಾನ ಮತ್ತು ಕಲಾ ಇಲಾಖೆ, ಸಂಜೆ ತರಗತಿಗಳಲ್ಲಿ ಎಷ್ಟು ಜನ ಪಾಸಾದರು ಅನ್ನೋದರ ಮೇಲೆ ಮೇಷ್ಟ್ರಿಗೆ ದುಡ್ಡು ಕೊಡ್ತಿತ್ತು. 1862ರಲ್ಲಿ ರಾಬರ್ಟ್ ಲೋ ಅನ್ನೋ ರಾಜಕಾರಣಿ ಪ್ರಾಥಮಿಕ ಶಾಲೆಗಳಿಗೂ ಇದೇ ಲೆಕ್ಕ ತಂದ. ಓದು, ಬರಹ, ಲೆಕ್ಕ, ಮೂರರಲ್ಲೂ ಮಗು ಇನ್‌ಸ್ಪೆಕ್ಟರ್ ಮುಂದೆ ಪಾಸಾಗಬೇಕು, ಆಗ ಶಾಲೆಗೆ ಅನುದಾನ. 1878ರಲ್ಲಿ ಲಂಡನ್ನಿನ ಹಲವು ವ್ಯಾಪಾರಿ ಸಂಘಗಳು ಸೇರಿ ‘ಸಿಟಿ ಅಂಡ್ ಗಿಲ್ಡ್ಸ್’ ಸಂಸ್ಥೆ ಕಟ್ಟಿದರು. ಕಸುಬಿನ ಪರೀಕ್ಷೆ ಅಂದ್ರೆ ಇವತ್ತಿಗೂ ಅಲ್ಲಿ ನೆನಪಾಗೋ ಹೆಸರು ಅದು. ಶುರುವಿನ ವರ್ಷಗಳಲ್ಲಿ ಅವರದ್ದೂ ಅದೇ ನಿಯಮ: ಪಾಸಾದ ತಲೆಗೆ ಇಷ್ಟು.

ಪರಿಣಾಮ ಏನಾಗಿರಬಹುದು ಅಂತ ನೀವೇ ಹೇಳ್ತೀರಿ. ಪರೀಕ್ಷೆಗೆ ಬರೋದಷ್ಟೇ ಪಾಠ. ಕವಿಯೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್, ಪಾಠ ಅನ್ನೋದು ಯಂತ್ರದ ಥರ ಆಗೋಯ್ತು ಅಂತ ತಾನು ಕೆಲಸ ಮಾಡ್ತಿದ್ದ ಇಲಾಖೆಯ ನೀತಿಯನ್ನೇ ಬಲವಾಗಿ ವಿರೋಧಿಸಿದ. ಈ ಪದ್ಧತಿ ಸಾಯೋಕೆ 1890ರ ದಶಕ ಬರಬೇಕಾಯ್ತು.

ಅದೇ ಹೊತ್ತಿಗೆ ಇನ್ನೊಂದು ತಮಾಷೆ ನಡೀತು. 1889ರಲ್ಲಿ ತಾಂತ್ರಿಕ ಶಿಕ್ಷಣ ಕಾಯ್ದೆ ಬಂತು. ಸ್ಥಳೀಯ ಸಂಸ್ಥೆಗಳು ತೆರಿಗೆ ದುಡ್ಡಲ್ಲಿ ತಾಂತ್ರಿಕ ಶಿಕ್ಷಣ ಕೊಡಬಹುದು ಅಂತ ಅದು ಹೇಳ್ತು. ಆದ್ರೆ ತಾಂತ್ರಿಕ ಶಿಕ್ಷಣ ಅಂದ್ರೆ ಕಸುಬಿಗೆ ಬೇಕಾದ ವಿಜ್ಞಾನ, ಕಲೆಯ ತತ್ವಗಳು ಮಾತ್ರ. ಕಸುಬಿನ ಅಭ್ಯಾಸವನ್ನೇ ಕಲಿಸುವಂತಿಲ್ಲ ಅಂತಲೂ ಹೇಳ್ತು. ಅಂದ್ರೆ ಬಡಗಿ ಕ್ಲಾಸಿನಲ್ಲಿ ಮರದ ಬಗ್ಗೆ ಬರೀಬಹುದು, ಕುರ್ಚಿ ಮಾಡಿಸೋದು ಕಾಯ್ದೆಯ ಹೊರಗೆ. ಕೈಕೆಲಸ ಕಾರ್ಖಾನೆಯದ್ದು, ಬರವಣಿಗೆ ಕಾಲೇಜಿನದ್ದು. ಈ ಗೋಡೆ ಕಾನೂನಲ್ಲಿ ಆಮೇಲೆ ಬಿದ್ದುಹೋಯ್ತು. ಜನರ ತಲೆಯಲ್ಲಿ ಬಹಳ ಕಾಲ ಉಳೀತು.

ಸರಿ, ಐವತ್ತು ವರ್ಷ ಮುಂದಕ್ಕೆ ಬರೋಣ. ಎರಡನೇ ಮಹಾಯುದ್ಧ ಇನ್ನೂ ಮುಗಿದಿಲ್ಲ, 1944. ಮುಂದಿನ ಮೇಷ್ಟ್ರುಗಳು ಎಲ್ಲಿಂದ ಬರಬೇಕು ಅಂತ ಯೋಚಿಸೋಕೆ ಮ್ಯಾಕ್‌ನೇರ್ ಸಮಿತಿ ಕೂತಿತ್ತು. ಅದರ ವರದಿ ತಾಂತ್ರಿಕ ಕಾಲೇಜಿನ ಮೇಷ್ಟ್ರುಗಳಿಗೂ ತರಬೇತಿ ಬೇಕು ಅಂತು. ಯುದ್ಧ ಮುಗೀತಿದ್ದಂಗೆ ಬೋಲ್ಟನ್, ಲಂಡನ್, ಹಡರ್ಸ್‌ಫೀಲ್ಡ್ ಮೂರು ಕಡೆ ಅದಕ್ಕಂತಲೇ ಕಾಲೇಜು ತೆರೆದರು. 1961ರಲ್ಲಿ ವುಲ್ವರ್‌ಹ್ಯಾಂಪ್ಟನ್ ನಾಲ್ಕನೆಯದು. ಆದ್ರೆ ತರಬೇತಿ ಕಡ್ಡಾಯ ಇರಲಿಲ್ಲ. ಎಷ್ಟೋ ಮೇಷ್ಟ್ರುಗಳು ಹಗಲು ಪಾಠ ಮಾಡಿ, ಸಂಜೆ ಸಿಟಿ ಅಂಡ್ ಗಿಲ್ಡ್ಸ್‌ನ 730 ಅನ್ನೋ ನಂಬರಿನ ಕೋರ್ಸಿಗೆ ಹೋಗಿ ಕಲಿಸೋದನ್ನ ಕಲೀತಿದ್ದರು. ಮಾಡದಿದ್ದರೂ ಕೆಲಸ ಹೋಗ್ತಿರಲಿಲ್ಲ.

ಇನ್ನೊಂದು ಕಡೆ, ಬೇರೆಯದೇ ಒಂದು ನದಿ ಹುಟ್ಟಿಕೊಳ್ತು. 1970ರ ದಶಕ. ಶಾಲೆಗೆ ಹೋಗಿಯೂ ಸರಿಯಾಗಿ ಓದೋಕೆ ಬಾರದ ವಯಸ್ಕರು ಇಪ್ಪತ್ತು ಲಕ್ಷ ಇದ್ದಾರೆ ಅಂತ ಸಮಾಜ ಸೇವಾ ಸಂಸ್ಥೆಗಳು ಅಂದಾಜು ಮಾಡಿ ಗಲಾಟೆ ಎಬ್ಬಿಸಿದವು. 1975ರಲ್ಲಿ ಬಿಬಿಸಿ ‘ಆನ್ ದಿ ಮೂವ್’ ಅನ್ನೋ ಹತ್ತು ನಿಮಿಷದ ಕಾರ್ಯಕ್ರಮ ಶುರು ಮಾಡ್ತು. ಮನೆ ಸಾಮಾನು ಸಾಗಿಸೋ ಕೆಲಸ ಮಾಡೋ, ಓದೋಕೆ ಬಾರದ ಆಲ್ಫ್ ಅನ್ನೋ ಪಾತ್ರ. ಮಾಡಿದ್ದು ಬಾಬ್ ಹಾಸ್ಕಿನ್ಸ್, ಆಮೇಲೆ ಹಾಲಿವುಡ್‌ನಲ್ಲಿ ದೊಡ್ಡ ನಟ ಆದವರು. ಆ ಕಾರ್ಯಕ್ರಮ ನೋಡಿ ಎಷ್ಟೋ ಜನ ಜೀವನದಲ್ಲಿ ಮೊದಲ ಸಲ “ನಂಗೂ ಬರಲ್ಲ” ಅಂತ ಬಾಯಿಬಿಟ್ಟು ಹೇಳಿದರು. ಅವರಿಗೆ ಕಲಿಸೋಕೆ ಬಂದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಅಡುಗೆಮನೆ ಟೇಬಲ್ಲಿನ ಮೇಲೆ, ಒಬ್ಬರಿಗೆ ಒಬ್ಬರು.

ಇಲ್ಲಿ ಒಂದು ವಿಷಯ ಗಮನಿಸಿ. ಕಸುಬಿನ ಮೇಷ್ಟ್ರು ಒಂದು ರೂಮಲ್ಲಿ, ಓದುಬರಹದ ಮೇಷ್ಟ್ರು ಇನ್ನೊಂದು ರೂಮಲ್ಲಿ. ಇಬ್ಬರ ಹತ್ತಿರವೂ ಬರ್ತಿದ್ದ ವಿದ್ಯಾರ್ಥಿ ಮಾತ್ರ ಒಬ್ಬನೇ.

1986ರಲ್ಲಿ ಕಸುಬಿನ ಅರ್ಹತೆಗಳಿಗೆ ಒಂದು ರಾಷ್ಟ್ರೀಯ ಮಂಡಳಿ ಬಂತು. ಅದರ ಮೂಲ ಯೋಚನೆ ಒಳ್ಳೇದೇ: ಪರೀಕ್ಷೆ ಬೇಡ, ಕೆಲಸ ಮಾಡಿ ತೋರಿಸು ಸಾಕು. ಎನ್‌ವಿಕ್ಯೂ ಅಂತ ಅದರ ಹೆಸರು. ಆದ್ರೆ ಮಾಡಿ ತೋರಿಸಿದ್ದಕ್ಕೆ ಪುರಾವೆ ಬೇಕಲ್ಲ? ಪುರಾವೆ ಅಂದ್ರೆ ಕಾಗದ. ಒಂದೊಂದು ಅಂಶಕ್ಕೂ ಒಂದೊಂದು ಹಾಳೆ, ಸಹಿ, ದಿನಾಂಕ, ಎಲ್ಲ ಸೇರಿ ಪೋರ್ಟ್‌ಫೋಲಿಯೊ ಅನ್ನೋ ದಪ್ಪ ಫೈಲು. ವಿದ್ಯಾರ್ಥಿಗಳನ್ನ ಅಳೆಯೋ ಮೇಷ್ಟ್ರು ತಾವೇ ಡಿ-32, ಡಿ-33 ಅನ್ನೋ ಘಟಕಗಳಲ್ಲಿ ಪಾಸಾಗಬೇಕಿತ್ತು. ಅದಕ್ಕೂ ಒಂದು ಫೈಲು. ಬರವಣಿಗೆ ಕಡಿಮೆ ಮಾಡೋಕೆ ಬಂದ ಪದ್ಧತಿ, ಕೊನೆಗೆ ಎಲ್ಲರ ಬ್ಯಾಗನ್ನೂ ಭಾರ ಮಾಡ್ತು.

ಈಗ 1999ಕ್ಕೆ ಬನ್ನಿ. ಕಥೆ ತಿರುಗೋದು ಇಲ್ಲಿ. ಕ್ಲಾಸ್ ಮೋಸರ್ ಅನ್ನೋರು ಬರ್ಲಿನ್‌ನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಹುಡುಗನಾಗಿದ್ದಾಗಲೇ ಇಂಗ್ಲೆಂಡಿಗೆ ಬಂದವರು. ಮುಂದೆ ಆ ದೇಶದ ಅಂಕಿಅಂಶ ಇಲಾಖೆಯ ಮುಖ್ಯಸ್ಥರೇ ಆದವರು. ವಯಸ್ಕರ ಓದುಬರಹ, ಲೆಕ್ಕದ ಬಗ್ಗೆ ಅವರ ನೇತೃತ್ವದ ತಂಡ ಒಂದು ವರದಿ ಕೊಟ್ಟಿತು. ಇಂಗ್ಲೆಂಡಿನಲ್ಲಿ ಐವರಲ್ಲಿ ಒಬ್ಬರು, ಅಂದ್ರೆ ಸುಮಾರು 70 ಲಕ್ಷ ವಯಸ್ಕರು, ಹನ್ನೊಂದು ವರ್ಷದ ಮಗುವಿನಿಂದ ನಿರೀಕ್ಷಿಸುವಷ್ಟು ಓದುಬರಹವನ್ನೂ ಮುಟ್ಟಿಲ್ಲ ಅಂತ ಅದು ಹೇಳ್ತು. ಜನರ ಮನಸ್ಸಲ್ಲಿ ಕೂತಿದ್ದು ಅದರ ಒಂದು ಉದಾಹರಣೆ. ಯೆಲ್ಲೋ ಪೇಜಸ್ ಅಂತ ಇತ್ತು. ಗೂಗಲ್ ಇಲ್ಲದ ಕಾಲದ ಗೂಗಲ್ ಅದು, ಊರಿನ ಎಲ್ಲ ಅಂಗಡಿ, ಕಸುಬುದಾರರ ಫೋನ್ ನಂಬರ್ ಇರೋ ಹಳದಿ ಪುಸ್ತಕ. ಅದರ ಅಕ್ಷರಕ್ರಮದ ಸೂಚಿ ಕೈಗೆ ಕೊಟ್ಟರೆ, ಐವರಲ್ಲಿ ಒಬ್ಬರಿಗೆ ಪ್ಲಂಬರ್‌ಗಳು ಯಾವ ಪುಟದಲ್ಲಿ ಇದ್ದಾರೆ ಅಂತ ಹುಡುಕೋಕೆ ಆಗಲ್ಲ.

ಪ್ಲಂಬರ್! ಉದಾಹರಣೆ ಹುಡುಕಿದ್ದೂ ಪ್ಲಂಬರನ್ನೇ. ಆದ್ರೆ ನನಗೆ ಕಾಡಿದ ಪ್ರಶ್ನೆ ಬೇರೆ. ಪ್ಲಂಬರ್ ಆಗೋಕೆ ಕಾಲೇಜಿಗೆ ಬಂದ ಹುಡುಗನಿಗೇ ಆ ಸೂಚಿ ಓದೋಕೆ ಬಾರದಿದ್ದರೆ? ಅವನಿಗೆ ಪ್ಲಂಬಿಂಗ್ ಕಲಿಸೋ ಮೇಷ್ಟ್ರು ಏನು ಮಾಡಬೇಕು?

ಆಗ ಶಿಕ್ಷಣ ಮಂತ್ರಿ ಆಗಿದ್ದವರು ಡೇವಿಡ್ ಬ್ಲಂಕೆಟ್. ಹುಟ್ಟು ಕುರುಡರು. ನಿನಗೆ ಇರೋ ಕೆಲವೇ ದಾರಿಗಳಲ್ಲಿ ಲೇತ್ ಆಪರೇಟರ್ ಕೆಲಸವೂ ಒಂದು ಅಂತ ಶಾಲೆಯಲ್ಲಿ ಕೇಳಿಸಿಕೊಂಡವರು. ಸಂಜೆ ಕ್ಲಾಸುಗಳಲ್ಲಿ ಓದಿ ಯೂನಿವರ್ಸಿಟಿಗೆ ಹೋದರು, ಹಡರ್ಸ್‌ಫೀಲ್ಡ್‌ನಲ್ಲಿ ಶಿಕ್ಷಕ ತರಬೇತಿ ಮುಗಿಸಿದರು, ಬಾರ್ನ್ಸ್‌ಲಿಯ ತಾಂತ್ರಿಕ ಕಾಲೇಜಿನಲ್ಲಿ ಪಾಠ ಮಾಡಿದರು. ಈ ಲೋಕವನ್ನ ಒಳಗಿಂದ ಬಲ್ಲ ಮನುಷ್ಯ. 2001ರಲ್ಲಿ ಅವರ ಸರ್ಕಾರ ‘ಸ್ಕಿಲ್ಸ್ ಫಾರ್ ಲೈಫ್’ ಅನ್ನೋ ದೊಡ್ಡ ಯೋಜನೆ ತಂತು. 2004ರೊಳಗೆ ಏಳೂವರೆ ಲಕ್ಷ ವಯಸ್ಕರ ಓದುಬರಹ, ಲೆಕ್ಕ ಸುಧಾರಿಸಬೇಕು ಅನ್ನೋದು ಗುರಿ. ಅದೇ ವರ್ಷ ಇನ್ನೊಂದು ನಿಯಮವೂ ಜಾರಿಗೆ ಬಂತು: ಫರ್ದರ್ ಎಜುಕೇಷನ್ ಕಾಲೇಜಿಗೆ ಹೊಸದಾಗಿ ಸೇರೋ ಮೇಷ್ಟ್ರು ಶಿಕ್ಷಕ ಅರ್ಹತೆ ಪಡೆಯಲೇಬೇಕು. ನೂರು ವರ್ಷ ಐಚ್ಛಿಕ ಆಗಿದ್ದು ಕಡ್ಡಾಯ ಆಯ್ತು.

2003ರಲ್ಲಿ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಈ ತರಬೇತಿಯನ್ನೇ ಪರಿಶೀಲಿಸಿ ಖಾರವಾಗಿ ಬರೀತು. ತರಬೇತಿ ಕೊಡೋ ಕ್ಲಾಸುಗಳು ಪರವಾಗಿಲ್ಲ. ಆದ್ರೆ ಈ ಮೇಷ್ಟ್ರುಗಳು ತಮ್ಮ ಕಾಲೇಜಿನಲ್ಲಿ ನಿಜವಾಗಿ ಪಾಠ ಮಾಡೋದನ್ನ ಕೂತು ನೋಡಿ ತಿದ್ದೋರು ಬಹಳ ಕಡಿಮೆ. ತಮ್ಮದೇ ಕಸುಬಿನ ಅನುಭವಿ ಮಾರ್ಗದರ್ಶಕರು ಸಿಗೋದೂ ಕಡಿಮೆ. ದಾವಣಗೆರೆಯ ಫೈಲು ನೆನಪಾಯ್ತಾ? ನಂಗಂತೂ ಆಯ್ತು.

ಆಮೇಲೆ ಬಂದದ್ದೇ ‘ಮಿನಿಮಮ್ ಕೋರ್’. ಅಂದ್ರೆ ಎಲ್ಲ ಮೇಷ್ಟ್ರಿಗೂ ಇರಲೇಬೇಕಾದ ಕನಿಷ್ಠ ತಿರುಳು: ಓದುಬರಹ, ಭಾಷೆ, ಲೆಕ್ಕ, ಕಂಪ್ಯೂಟರ್. ಎರಡು ಭಾಗ ಇದಕ್ಕೆ. ಒಂದು, ವಿದ್ಯಾರ್ಥಿ ಓದುಬರಹದಲ್ಲಿ ಯಾಕೆ ಎಡವುತ್ತಾನೆ ಅನ್ನೋ ತಿಳಿವಳಿಕೆ. ಎರಡು, ಮೇಷ್ಟ್ರ ಸ್ವಂತ ಓದುಬರಹ ಒಂದು ಮಟ್ಟ ಮುಟ್ಟಿರಬೇಕು. ನೀನು ಹೇರ್‌ಕಟಿಂಗ್ ಕಲಿಸು, ಇಟ್ಟಿಗೆ ಕಟ್ಟೋದು ಕಲಿಸು, ಇದು ತಪ್ಪಲ್ಲ. 2007ರ ನಿಯಮಗಳಲ್ಲಿ ಇನ್ನೂ ಗಟ್ಟಿಯಾಯ್ತು. ಮೂರು ಹಂತದ ಅರ್ಹತೆ, ಉದ್ದುದ್ದ ಹೆಸರು. ಅವುಗಳ ಮೊದಲಕ್ಷರ ಸೇರಿಸಿ ಜನ ತಮಾಷೆಗೆ ‘ಪೆಟಲ್ಸ್’, ‘ಕೆಟಲ್ಸ್’ ಅಂತ ಕರೀತಿದ್ದರು. ಹೂವಿನ ಎಸಳು, ಟೀ ಕೆಟಲು. ಜೊತೆಗೆ ವೃತ್ತಿ ಸಂಸ್ಥೆಯಲ್ಲಿ ನೋಂದಣಿ, ವರ್ಷಕ್ಕೆ 30 ಗಂಟೆ ಕಲಿಕೆಯ ಲೆಕ್ಕ.

ಈಗ ಒಂದು ಚಿತ್ರ ಮನಸ್ಸಿಗೆ ತಂದ್ಕೊಳ್ಳಿ. ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ ಮನುಷ್ಯ, ಶಾಲೆ ಬಿಟ್ಟ ಮೇಲೆ ಒಂದು ಪುಟಕ್ಕಿಂತ ಹೆಚ್ಚು ಬರೆದೇ ಇಲ್ಲ. ರಾತ್ರಿ ಒಂಬತ್ತು ಗಂಟೆಗೆ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಕಲಿಕೆಯ ಸಿದ್ಧಾಂತಗಳನ್ನ ಹೋಲಿಸಿ ಪ್ರಬಂಧ ಬರೀಬೇಕು. ಪಕ್ಕದಲ್ಲೇ ಇವತ್ತಿನ ಪಾಠದ ಬಗ್ಗೆ ಆತ್ಮಾವಲೋಕನದ ಡೈರಿ. ಈ ಡೈರಿಯ ಹಿಂದೆ ಇರೋ ದೊಡ್ಡ ಹೆಸರು ಅಮೆರಿಕದ ಡೊನಾಲ್ಡ್ ಶೋನ್. 1983ರಲ್ಲಿ ಅವರೊಂದು ಪುಸ್ತಕ ಬರೆದರು, ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’. ಅವರ ಮುಖ್ಯ ಮಾತೇ ಇದು: ಕೆಲಸ ಬಲ್ಲವರ ಜ್ಞಾನ ಅವರ ಕೆಲಸದೊಳಗೇ ಇರುತ್ತೆ, ಅವರಿಗೆ ಗೊತ್ತಿರೋದು ಅವರು ಮಾತಲ್ಲಿ ಹೇಳೋದಕ್ಕಿಂತ ಜಾಸ್ತಿ. ಹಾಸ್ಯ ನೋಡಿ. ಹೇಳೋಕೆ ಕಷ್ಟ ಅಂತ ಅವರು ತೋರಿಸಿದ್ದನ್ನೇ ವಾರಕ್ಕೊಂದು ಪುಟ ಬರೆದು ಒಪ್ಪಿಸಿ ಅಂತ ತರಬೇತಿ ಕೇಂದ್ರಗಳು ಮಾಡಿಬಿಟ್ಟವು.

ಅದೇ ವರ್ಷಗಳಲ್ಲಿ ಸಂಶೋಧಕರು ಬೇರೆ ದಿಕ್ಕಿನಿಂದ ಕೇಳ್ತಿದ್ದರು: ಓದುಬರಹ ಅನ್ನೋದು ಒಂದೇ ವಸ್ತುವಾ? ಬ್ರಯಾನ್ ಸ್ಟ್ರೀಟ್ ಅನ್ನೋ ಮಾನವಶಾಸ್ತ್ರಜ್ಞರು 1970ರ ದಶಕದಲ್ಲಿ ಇರಾನಿನ ಮಶಾದ್ ಹತ್ತಿರದ ಹಳ್ಳಿಗಳಲ್ಲಿ ಇದ್ದರು. ಹೊರಗಿನವರ ಕಣ್ಣಿಗೆ ಆ ಹಳ್ಳಿಗರು ಹಿಂದುಳಿದವರು. ಸ್ಟ್ರೀಟ್ ನೋಡಿದ್ದು ಬೇರೆ. ಧಾರ್ಮಿಕ ಪಾಠಶಾಲೆಯಲ್ಲಿ ಕಲಿತ ಅಲ್ಪಸ್ವಲ್ಪ ಓದನ್ನೇ ಬಳಸಿ ಜನ ಹಣ್ಣಿನ ವ್ಯಾಪಾರಕ್ಕೆ ಪಟ್ಟಿ, ಬಿಲ್ಲು, ಲೆಕ್ಕಪತ್ರ ನಿಭಾಯಿಸ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಖಾತೆ ಪುಸ್ತಕ ಪಕ್ಕಾ. 1984ರ ಪುಸ್ತಕದಲ್ಲಿ ಅವರು ವಾದ ಮಾಡಿದ್ದು ಏನಂದ್ರೆ, ಓದುಬರಹ ಅನ್ನೋದು ತಲೆಯೊಳಗೆ ಇರೋ ಒಂದು ಮೀಟರ್ ಅಲ್ಲ. ಜನ ಯಾವ ಕೆಲಸಕ್ಕೆ, ಯಾರ ಜೊತೆ, ಯಾವ ಜಾಗದಲ್ಲಿ ಓದಿ ಬರೀತಾರೋ ಅದಕ್ಕೆ ಅಂಟಿಕೊಂಡಿರೋ ರೂಢಿಗಳು ಅವು. ಒಂದು ಜಾಗದ ರೂಢಿಯಲ್ಲಿ ಅಳೆದರೆ ಇನ್ನೊಂದು ಜಾಗದವರು ದಡ್ಡರ ಥರ ಕಾಣ್ತಾರೆ.

ಇದನ್ನ ಕಸುಬು ಕಾಲೇಜಿಗೆ ತಂದು ನೋಡಿದ್ದು 2004ರಿಂದ 2007ರ ತನಕ ನಡೆದ ಒಂದು ದೊಡ್ಡ ಅಧ್ಯಯನ. ಲ್ಯಾಂಕಾಸ್ಟರ್, ಸ್ಟರ್ಲಿಂಗ್ ಯೂನಿವರ್ಸಿಟಿಗಳವರು ಇಂಗ್ಲೆಂಡಿನ ಎರಡು, ಸ್ಕಾಟ್ಲೆಂಡಿನ ಎರಡು ಕಾಲೇಜುಗಳ ಮೇಷ್ಟ್ರುಗಳ ಜೊತೆ ಸೇರಿ ಮಾಡಿದ್ದು. ಕ್ಲಾಸಿನಲ್ಲಿ ಪೆನ್ನು ಹಿಡಿಯೋಕೆ ಹಿಂದೇಟು ಹಾಕೋ ವಿದ್ಯಾರ್ಥಿಗಳು ಹೊರಗೆ ಎಷ್ಟೆಲ್ಲ ಓದ್ತಾರೆ, ಬರೀತಾರೆ ಅಂತ ಅವರು ದಾಖಲಿಸಿದರು. ಮೆಸೇಜು, ಗೇಮು, ಸಂಗೀತ, ಮನೆ ವ್ಯವಹಾರ, ಪಾರ್ಟ್‌ಟೈಮ್ ಕೆಲಸದ ಪಟ್ಟಿಗಳು. ಕಾಲೇಜಿನಲ್ಲಿ ಮಾಡಿಸ್ತಿದ್ದ ಬರವಣಿಗೆಯಲ್ಲಿ ಎಷ್ಟೋ ಪಾಲು ಕಸುಬಿಗೂ ಬೇಕಿರಲಿಲ್ಲ, ಕಲಿಕೆಗೂ ಬೇಕಿರಲಿಲ್ಲ. ಮೌಲ್ಯಮಾಪನಕ್ಕೆ ಪುರಾವೆ ತೋರಿಸೋಕೆ ಮಾತ್ರ ಬೇಕಿತ್ತು. ಹ್ಯಾರಿ ಟೊರೆನ್ಸ್ ಅನ್ನೋ ಸಂಶೋಧಕರು ಆ ವರ್ಷಗಳಲ್ಲೇ ಇದರ ಇನ್ನೊಂದು ಮುಖ ತೋರಿಸಿದರು. ಪಾಸಾಗೋಕೆ ಏನು ಬೇಕು ಅಂತ ಪಟ್ಟಿ ಮಾಡಿ ಕೊಟ್ಟರೆ ಎಲ್ಲರಿಗೂ ಸುಲಭ ಆಗುತ್ತೆ, ನಿಜ. ಆದ್ರೆ ನಿಧಾನಕ್ಕೆ ಪಟ್ಟಿಗೆ ಟಿಕ್ ಹಾಕೋದೇ ಕಲಿಕೆ ಆಗಿಬಿಡುತ್ತೆ. ಮೇಷ್ಟ್ರು ತಾವು ತರಬೇತಿಯಲ್ಲಿ ಹೇಗೆ ಅಳೆಯಲ್ಪಟ್ಟರೋ, ವಿದ್ಯಾರ್ಥಿಯನ್ನೂ ಹಾಗೇ ಅಳೀತಾರೆ.

ಇಲ್ಲಿ ತನಕ ಕೇಳಿದವರು, “ಹಂಗಾದ್ರೆ ಸರ್ಕಾರದ್ದೇ ತಪ್ಪು, ವೆಲ್ಡಿಂಗ್ ಮೇಷ್ಟ್ರಿಗೆ ಬರವಣಿಗೆ ಯಾಕೆ” ಅಂತೀರಿ. ನಾನೂ ಅಂದ್ಕೊಂಡಿದ್ದೆ. ಆಮೇಲೆ 2006ರ ಒಂದು ಸಂಶೋಧನೆ ಓದಿದೆ. ಗಣಿತದ ಮೇಷ್ಟ್ರಿಗೆ ಗೋಡೆ ಗಿಲಾವು ಮಾಡೋದು ಕಲಿಸಿ ಅಂತ ಯಾರೂ ಹೇಳಲ್ಲ, ಅನ್ನೋ ಅರ್ಥದ ಮಾತೇ ಅದರ ಶೀರ್ಷಿಕೆ. 79 ಕಸುಬಿನ ಕೋರ್ಸುಗಳನ್ನ ನೋಡಿದ್ದರು. ಓದುಬರಹ, ಲೆಕ್ಕವನ್ನ ಬೇರೆ ರೂಮಲ್ಲಿ ಪ್ರತ್ಯೇಕ ಪಾಠ ಮಾಡಿದ ಕಡೆಗಿಂತ, ಕಸುಬಿನ ಪಾಠದೊಳಗೇ ಹೆಣೆದ ಕಡೆ ವಿದ್ಯಾರ್ಥಿಗಳು ಕೋರ್ಸ್ ಬಿಡೋದೂ ಕಡಿಮೆ, ಪಾಸಾಗೋದೂ ಜಾಸ್ತಿ. ಅಂದ್ರೆ ಸರ್ಕಾರದ ಮೂಲ ಆಸೆ ತಪ್ಪಾಗಿರಲಿಲ್ಲ. ಪ್ಲಂಬಿಂಗ್ ರೂಮಿನಲ್ಲೇ ಓದುಬರಹ ಕಲೀಬೇಕು.

ಆದ್ರೆ ಅದೇ ಸಂಶೋಧನೆಯಲ್ಲಿ ಇನ್ನೊಂದು ಫಲಿತಾಂಶ ಇತ್ತು. ಕಸುಬನ್ನೂ ಓದುಬರಹ, ಲೆಕ್ಕವನ್ನೂ ಒಬ್ಬರೇ ಮೇಷ್ಟ್ರ ತಲೆಗೆ ಕಟ್ಟಿದ ಕಡೆ, ಓದುಬರಹ ಮತ್ತು ಲೆಕ್ಕದಲ್ಲಿ ವಿದ್ಯಾರ್ಥಿಗಳು ಫೇಲಾಗೋ ಸಾಧ್ಯತೆ ಎರಡು ಪಟ್ಟು. ಚೆನ್ನಾಗಿ ನಡೆದದ್ದು ಇಬ್ಬರು ಮೇಷ್ಟ್ರು ಒಟ್ಟಿಗೆ ಕೂತು, ಒಟ್ಟಿಗೆ ಯೋಜನೆ ಮಾಡಿ, ಒಬ್ಬರ ಕೆಲಸವನ್ನ ಇನ್ನೊಬ್ಬರು ನೋಡಿ ಕಲಿತ ಕಡೆ.

ಈ ಸಾಲು ಓದಿದಾಗ ನಾನು ಫೋನ್ ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ಕಾರಣ ಹೇಳ್ತೀನಿ, ಇಂಗ್ಲೆಂಡಿನ ಕಥೆ ಮುಗಿಸಿಬಿಡ್ತೀನಿ ಮೊದಲು.

ಇಬ್ಬರು ಮೇಷ್ಟ್ರು ಒಂದು ರೂಮಲ್ಲಿ ಅಂದ್ರೆ ಎರಡು ಸಂಬಳ. ಒಬ್ಬರಿಗೇ ಪ್ರಬಂಧ ಬರೆಸೋದು ಅಗ್ಗ. 2008ರ ಆರ್ಥಿಕ ಕುಸಿತ, ಸರ್ಕಾರ ಬದಲಾವಣೆ, ಖರ್ಚು ಕಡಿತ. ವೃತ್ತಿ ಸಂಸ್ಥೆಯ ಶುಲ್ಕವನ್ನ ಅಲ್ಲಿ ತನಕ ಸರ್ಕಾರ ಕಟ್ಟುತ್ತಿತ್ತು. 2011ರಲ್ಲಿ ನೀವೇ ಕಟ್ಟಿ ಅಂದಾಗ ಮೇಷ್ಟ್ರುಗಳ ಸಂಘ ಬಹಿಷ್ಕಾರಕ್ಕೆ ಇಳೀತು. 2012ರಲ್ಲಿ ಲಾರ್ಡ್ ಲಿಂಗ್‌ಫೀಲ್ಡ್ ಸಮಿತಿ ಈ ಕಡ್ಡಾಯವೆಲ್ಲ ಬೇಡ, ಕಾಲೇಜುಗಳೇ ತೀರ್ಮಾನ ಮಾಡ್ಕೊಳ್ಳಲಿ ಅಂತು. 2013ರ ಸೆಪ್ಟೆಂಬರಿನಿಂದ 2007ರ ನಿಯಮಗಳು ರದ್ದು. ಹನ್ನೆರಡು ವರ್ಷದ ಕಡ್ಡಾಯ ಒಂದೇ ಏಟಿಗೆ ಹೋಯ್ತು.

ಮೇಷ್ಟ್ರ ಮೇಲಿದ್ದ ಕಡ್ಡಾಯ ಹೋಯ್ತು, ಸರಿ. ಮುಂದಿನ ವರ್ಷವೇ, 2014ರಲ್ಲಿ, ವಿದ್ಯಾರ್ಥಿಗಳ ಮೇಲೆ ಒಂದು ಕಡ್ಡಾಯ ಬಂತು. ಹದಿನಾರಕ್ಕೆ ಇಂಗ್ಲಿಷ್, ಗಣಿತದಲ್ಲಿ ಸಿ ಗ್ರೇಡ್ ಬಾರದವರು ಕಾಲೇಜಿನಲ್ಲೂ ಆ ವಿಷಯ ಮುಂದುವರಿಸಲೇಬೇಕು, ಇಲ್ಲದಿದ್ದರೆ ಅವರಿಗಂತ ಕಾಲೇಜಿಗೆ ಬರೋ ಹಣ ಇಲ್ಲ. ಪಾಸಾದ ತಲೆಗೆ ಇಷ್ಟು ಅಂತಿತ್ತು ಹಿಂದೆ. ಈಗ ಕೂತ ತಲೆಗೆ ಇಷ್ಟು. ಹೇರ್‌ಡ್ರೆಸಿಂಗ್ ಕಲಿಯೋಕೆ ಬಂದ ಹುಡುಗಿ ಮತ್ತೆ ಇಂಗ್ಲಿಷ್ ಪರೀಕ್ಷೆಗೆ ಕೂತಳು. ಅವಳ ಹೇರ್‌ಡ್ರೆಸಿಂಗ್ ಮೇಷ್ಟ್ರಿಗೆ ಈ ಬಗ್ಗೆ ತರಬೇತಿ ಇರಬೇಕು ಅನ್ನೋ ಕಾನೂನು ಮಾತ್ರ ಹಿಂದಿನ ವರ್ಷವೇ ಸತ್ತುಹೋಗಿತ್ತು.

ಪೂರ್ತಿ ಕತ್ತಲೆ ಅಂತ ನಾನು ಹೇಳಲ್ಲ. ಈಚೆಗೆ ಅಲ್ಲಿ ಮೇಷ್ಟ್ರಾಗೋಕೂ ಅಪ್ರೆಂಟಿಸ್ ದಾರಿ ಇದೆ. ಕೊನೆಯ ಮೌಲ್ಯಮಾಪನದಲ್ಲಿ ಪಾಠ ಮಾಡೋದನ್ನ ಕೂತು ನೋಡ್ತಾರೆ, ಆಮೇಲೆ ಎದುರು ಕೂರಿಸಿ ಮಾತಾಡಿಸ್ತಾರೆ. ಫೈಲು ಇನ್ನೂ ಇದೆ, ಎಲ್ಲೂ ಹೋಗಿಲ್ಲ. ಆದ್ರೆ ಮಾತಿಗೂ ಕಣ್ಣಿಗೂ ಒಂದು ಕುರ್ಚಿ ಸಿಕ್ಕಿದೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ಆ ಫೈಲ್ ಬರೆದುಕೊಟ್ಟ ಎರಡು ತಿಂಗಳಿಗೆ ಹಾರ್ಡ್‌ವೇರ್ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಶಾಕ್ ಹೊಡೀತು. ಕಂಪ್ಯೂಟರಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ ಇರುತ್ತಲ್ಲ, ಅದನ್ನ ಬಿಚ್ಚಿದ್ದ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತೆ. ಡಬ್ಬಿ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಅಚ್ಚಾಗಿತ್ತು. ಹುಡುಗ ಓದಿರಲಿಲ್ಲ, ಅವನಿಗೆ ಓದೋಕೆ ಬರ್ತಿರಲಿಲ್ಲ. ದೇವರ ದಯೆ, ಕೈ ಜುಮ್ಮೆಂದು ಬಿದ್ದ ಅಷ್ಟೇ, ಏನೂ ಆಗಲಿಲ್ಲ. ಮೇಷ್ಟ್ರು ಅವನ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದರು. ನನ್ನ ಕಡೆ ನೋಡಿ ಮೆಲ್ಲಗೆ, “ಆ ಲೇಬಲ್ಲು ನಾನೂ ಓದಲ್ಲ ಕಣಪ್ಪ, ನಂಗೆ ಬಾಯಿಪಾಠ ಗೊತ್ತು ಅದು ಹೊಡೆಯುತ್ತೆ ಅಂತ. ಇವತ್ತು ಹೇಳೋಕೆ ಮರೆತೆ” ಅಂದ್ರು.

ನಾನು ಬರೆದ ನಲವತ್ತು ಪುಟದಲ್ಲಿ ಸುರಕ್ಷತೆ ಬಗ್ಗೆ ಎರಡು ಪುಟ ಇತ್ತು. ಇಂಟರ್‌ನೆಟ್‌ನಿಂದ ತೆಗೆದಿದ್ದು. ಚೆನ್ನಾಗಿದೆ ಅಂತ ಸಹಿಯೂ ಬಿದ್ದಿತ್ತು.

ಫೈಲ್ ಕೇಳಿದವರ ತಪ್ಪು ಇದೆ, ಅದು ಬೇರೆ. ಅವರು ಅಳೆದದ್ದು ನನ್ನ ಇಂಗ್ಲಿಷನ್ನ, ಅವರ ಪಾಠವನ್ನಲ್ಲ. ಆದ್ರೆ ನಾನು ಮಾಡಿದ್ದು ಸಹಾಯ ಅಂತ ಈಗ ಅನ್ಸಲ್ಲ. ಅವರ ಕಷ್ಟವನ್ನ ಬಚ್ಚಿಡೋಕೆ ಒಂದು ಚಂದದ ಪರದೆ ಹೊಲಿದುಕೊಟ್ಟೆ. ಆ ಎರಡು ರಾತ್ರಿ ಬದಲು ಎರಡು ಮಧ್ಯಾಹ್ನ ಅವರ ಕ್ಲಾಸಿನಲ್ಲಿ ಕೂರಬಹುದಿತ್ತು. ಡಬ್ಬಿ ಮೇಲಿನ ಲೇಬಲ್ಲು, ಬಿಡಿಭಾಗದ ಮೇಲಿನ ನಂಬರು, ವಾರಂಟಿ ಚೀಟಿ, ಆ ಕಸುಬಿನ ನಿಜವಾದ ಓದುಬರಹ ಅದೇ ತಾನೇ? ಅದನ್ನ ಹುಡುಗರ ಜೊತೆ, ಅವರ ಜೊತೆ ಕನ್ನಡದಲ್ಲಿ ಬಿಡಿಸಿ ಓದಬಹುದಿತ್ತು. ಬದಲಿಗೆ ಅವರು ನನಗೆ ಸುಟ್ಟ ಬೋರ್ಡ್ ಮೂಸೋದು ಕಲಿಸ್ತಿದ್ದರು. ಲೆಕ್ಕ ಸರಿಹೋಗ್ತಿತ್ತು.

ಆ ಕೇಂದ್ರ ಈಗಿಲ್ಲ. ಮೇಷ್ಟ್ರು ಸ್ವಂತ ರಿಪೇರಿ ಅಂಗಡಿ ಇಟ್ಟಿದ್ದಾರೆ, ಇಬ್ಬರು ಹುಡುಗರು ಕಲೀತಿದ್ದಾರೆ. ಈ ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ಫೋನ್ ಮಾಡಿ, ನಿಮ್ಮ ವಿಷಯ ಹೇಳಲಾ ಅಂತ ಕೇಳಿದೆ. ನಕ್ಕರು. “ಹೆಸರು ಹಾಕ್ಬೇಡ, ಉಳಿದಿದ್ದೆಲ್ಲ ಹೇಳು. ಬರೆದು ಕಳಿಸ್ಬೇಡ ಮಾತ್ರ, ಆಡಿಯೋನೇ ಕಳಿಸು” ಅಂದ್ರು.

ಕಳಿಸ್ತೀನಿ. ಮುಂದಿನ ವಾರ ಮತ್ತೆ ಸಿಗೋಣ.